ಒಲೆಯ ಮೇಲೆ ಕಟ್ಟಿದ ಬ್ಯಾಟರಿ

ಇವತ್ತು ವೈರಿಂಗ್ ಕೆಲಸಕ್ಕೆ ಹೋಗಿದ್ದ ಹಂಗಳ ಊರಿನ ಒಂದು ಮನೆಯಲ್ಲಿ ಒಲೆಯ ಮೇಲೆ ಹೊಗೆ ತಾಗುವಂತೆ ಬಿತ್ತನೆಗೆಂದು ಮುಸುಕಿನ ಜೋಳ ಕಟ್ಟಿದ್ದರು. ಆ ಹೊಗೆಯ ವಾಸನೆಗೆ ಅಜ್ಜಿಯ ಅಡುಗೆಮನೆ ನೆನಪಾಯಿತು.

ನಾನು ಚಿಕ್ಕವನಿದ್ದಾಗ ಚಿಕ್ಕಪ್ಪನ ಹತ್ತಿರ ರಿಮೋಟ್‌ನಲ್ಲಿ ಓಡಿಸುವ ಆಟದ ಕಾರಿತ್ತು. ಸಂಕ್ರಾಂತಿಗೆ ಗುಂಡ್ಲುಪೇಟೆಯ ಮೈದಾನದಲ್ಲಿ ಗೆಳೆಯರೆಲ್ಲ ಸೇರಿ ರೇಸ್ ಬಿಡುತ್ತಿದ್ದರು. ಮಳೆಗಾಲದಲ್ಲಿ ಲಾರಿ ಕೆಲಸಕ್ಕೆ ಹೊರಡುವಾಗ ಅವನು ಕಾರಿನ ಚಾರ್ಜಿಂಗ್ ಬ್ಯಾಟರಿಯನ್ನು ನನಗೆ ಕೊಟ್ಟು, "ತಣ್ಣಗಿರೋ ಕಡೆ ಮಡಗ್ಲಾ, ಬಿಸಿ ತಾಕುದ್ರೆ ಸತ್ತೋಯ್ತದೆ" ಎಂದಿದ್ದ.

ನನಗೆ ಆಟಕ್ಕೆ ಓಡುವ ಅವಸರ. ಜೋಪಾನ ಎಂದಷ್ಟೇ ಹೇಳಿ ಅಜ್ಜಿಗೆ ಕೊಟ್ಟೆ. ಅಜ್ಜಿಗೆ ಗೊತ್ತಿದ್ದ ಜೋಪಾನ ಒಂದೇ. ಬಟ್ಟೆಯಲ್ಲಿ ಸುತ್ತಿ, ಬಿತ್ತನೆ ಬೀಜದ ಜೊತೆ ಒಲೆಯ ಮೇಲೆ ಕಟ್ಟಿದಳು. ಮಾರನೆಯ ದಿನ ನೋಡಿದೆ. ಬಿಚ್ಚಲಿಲ್ಲ.

ಸಂಕ್ರಾಂತಿಯ ರೇಸಿನಲ್ಲಿ ಕಾರು ಹತ್ತು ಮಾರು ಓಡಿ ನಿಂತಿತು. ಹೊಗೆ ನಾರುತ್ತಿದ್ದ ಬ್ಯಾಟರಿ ಹಿಡಿದು ಮನೆಗೆ ಬಂದು ಚಿಕ್ಕಪ್ಪ ಕೂಗಾಡಿದ, "ಅವ್ವೋ, ಇದೇನ್ ಅವರೆ ಬೀಜ್ವಾ, ಹೊಗೆಗೆ ಕಟ್ಟಕೆ?"

"ಹುಳ ಬೀಳ್ದಿರ್ಲಿ ಅಂತ ಕಟ್ದೆ ಕಣಪ್ಪ. ನಂಗ್ಯಾರೂ ಯೋಳ್ನಿಲ್ಲ."

ಚಿಕ್ಕಪ್ಪ ನನ್ನತ್ತ ತಿರುಗಿದ. "ನೀ ಯೋಳ್ನಿಲ್ವೇನ್ಲಾ?"

"ಯೋಳಿದ್ದೆ" ಎಂದೆ.

ಅಜ್ಜಿ ನನ್ನ ಮುಖವನ್ನೇ ನೋಡಿದಳು. "ಯೋಳಿದ್ನೇನೋ ಕಣಪ್ಪ. ನಾನೇ ಮರ್ತಿರ್ಬೇಕು."

ಅಂದಿನಿಂದ ಸಾರಿಗೆ ಉಪ್ಪು ಹಾಕಿದ್ದೇನಾ ಎಂದೂ ನನ್ನನ್ನೇ ಕೇಳತೊಡಗಿದಳು.

ಈಗ ಅಜ್ಜಿ ಇಲ್ಲ. ಇದನ್ನು ಬರೆಯುವಾಗ ಅಳು ಬರಬಹುದು ಎಂದುಕೊಂಡಿದ್ದೆ. ಬರಲಿಲ್ಲ.