ಕಿಸೆಯಿರುವ ಚೀಲ

2004ರ ಮಳೆಗಾಲ ಮುಗಿದ ಮೇಲಿನ ಒಂದು ಭಾನುವಾರ, ತೋಡೂರಿನ ಶೇವಂತಕ್ಕ ಕಾರವಾರದ ಸಂತೆಯಲ್ಲಿ ಹಂಚಲು ತಂದಿದ್ದ ಬಟ್ಟೆಯ ಚೀಲಗಳಲ್ಲಿ ಒಂದನ್ನೂ ಯಾರೂ ತೆಗೆದುಕೊಳ್ಳಲಿಲ್ಲ. ಬಿಟ್ಟಿ ಕೊಡುತ್ತಿದ್ದ ಚೀಲಗಳು. ಅದಕ್ಕೆ ಕೆಲವೇ ವಾರ ಮೊದಲು ಅವು ಮೀನು ಪೇಟೆ ಕಾವೇರುವ ಮೊದಲೇ ಮುಗಿದುಹೋಗುತ್ತಿದ್ದವು. ಅಂದು ತಂದ ಗಂಟನ್ನು ತಂದ ಹಾಗೆಯೇ ಹೊತ್ತುಕೊಂಡು ಅವಳು ಬಸ್ಸು ಹತ್ತಿದಳು. ಅದಕ್ಕೆ ಕಾರಣ ನಾನು.

ಇದೆಲ್ಲ ನೆನಪಾದದ್ದು ಇವತ್ತು ಬೆಳಿಗ್ಗೆ, ಅಂಕೋಲೆಯ ನಮ್ಮ ಮನೆಯಲ್ಲಿ ಆಯಿ, ಅಂದರೆ ನನ್ನ ತಾಯಿ, ಅಡುಗೆಮನೆಯ ಬಾಗಿಲ ಹಿಂದಿನ ಮೊಳೆಯಿಂದ ಖಾಕಿ ಚೀಲವೊಂದನ್ನು ಕೆಳಗಿಳಿಸಿದಾಗ. ಆ ಚೀಲದ ಹೊರಮೈಯಲ್ಲಿ ಒಂದು ಅಂಗಿಯ ಕಿಸೆ ಇದೆ. ಕಿಸೆಯ ತಳದಲ್ಲಿ ನೀಲಿ ಶಾಯಿಯ ಕಲೆ. ನಮ್ಮ ಕಡೆಯ ಸಂತೆಗೆ ಬಂದವರಾದರೆ ನೀವೂ ಇಂಥ ಕಿಸೆಯ ಚೀಲ ಒಂದೆರಡು ಕಂಡಿರಬಹುದು. ಚಿಲ್ಲರೆ ಇಟ್ಟುಕೊಳ್ಳುವ ಅನುಕೂಲಕ್ಕೆ ಹೊಲಿದದ್ದು ಎಂದುಕೊಂಡಿರಬಹುದು. ನಾನೂ ಕೇಳಿದವರಿಗೆ ಹಾಗೆಯೇ ಹೇಳುತ್ತೇನೆ. ಪೂರ್ತಿ ಹೇಳಲು ಹೊತ್ತು ಬೇಕು.

ಆಗ ನಾನು ಒಂದು ದಿನಪತ್ರಿಕೆಗೆ ಕಾರವಾರದಿಂದ ಸುದ್ದಿ ಕಳಿಸುತ್ತಿದ್ದೆ. ದಿನಾ ಅಂಕೋಲೆಯಿಂದ ಬಸ್ಸಿನಲ್ಲಿ ಹೋಗಿ ಬರುವುದು. ನೌಕಾನೆಲೆ, ಕೈಗಾ, ಮೀನು ದೋಣಿ, ಈ ಮೂರರಲ್ಲಿ ಒಂದು ನನ್ನ ಹೊಟ್ಟೆ ತುಂಬಿಸುತ್ತಿತ್ತು. ಮೂರೂ ಸುಮ್ಮನಿದ್ದ ದಿನ ಸಂತೆಗೆ ಹೋಗುತ್ತಿದ್ದೆ. ಹಾಗೆ ಹೋದಾಗ ಸಿಕ್ಕವಳು ಶೇವಂತಕ್ಕ. ತರಕಾರಿ ಮಾರುವ ಹೆಂಗಸರ ಸಾಲಿನ ಕೊನೆಯಲ್ಲಿ ನಿಂತು, ಪ್ಲಾಸ್ಟಿಕ್ ಚೀಲ ಹಿಡಿದು ಬಂದವರನ್ನು ತಡೆದು, ಅದನ್ನು ಕಸಿದುಕೊಂಡು ಬಟ್ಟೆಯದನ್ನು ಕೈಗಿಡುತ್ತಿದ್ದಳು. ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ನಿಮ್ಮ ಬದನೆಕಾಯಿ ಹೊಸ ಚೀಲ ಸೇರಿರುತ್ತಿತ್ತು.

ಅವಳು ಚೆಂಡಿಯಾ ಊರಿನವಳು, ರವಿಕೆ ಹೊಲಿಯುವವಳು. ಮನೆ, ಗದ್ದೆ ನೌಕಾನೆಲೆಗೆ ಹೋದ ಮೇಲೆ ತೋಡೂರಿನ ಪುನರ್ವಸತಿ ಕಾಲೊನಿಗೆ ಬಂದಳು. ಸಾಮಾನು ತಂದ ಲಾರಿಯಲ್ಲಿ ಹೊಲಿಗೆ ಮಶೀನು ಡ್ರೈವರನ ಪಕ್ಕದಲ್ಲಿತ್ತಂತೆ, ಗಂಡ ಹಿಂದುಗಡೆ ಪಾತ್ರೆಗಳ ನಡುವೆ. “ಗಂಡ ಬಿದ್ರೆ ಎದ್ಕಂಡು ಬರ್ತಾನೆ. ಮಶೀನು ಬಿದ್ರೆ ಬರ್ತದ?” ಎಂದು ಗಂಡನ ಎದುರಿಗೇ ಕೇಳಿದ್ದಳು. ಗಂಡ ಹೌದೆಂದು ತಲೆಯಾಡಿಸಿದ್ದ. ಗದ್ದೆ ಹೋದ ಮೇಲೆ ಅವನಿಗೆ ಸಿಕ್ಕಿದ ದಿನ ಕೂಲಿ, ಸಿಗದ ದಿನ ಇಲ್ಲ. ಮನೆ ನಡೆಯುತ್ತಿದ್ದುದು ಮಶೀನಿನಿಂದ.

ಚೀಲ ಹೊಲಿಯುವ ಹುಚ್ಚು ಹಿಡಿದದ್ದು ಕಾಲೊನಿಯ ಮೊದಲ ಮಳೆಗಾಲದಲ್ಲಿ. ಗಟಾರ ಕಟ್ಟಿಕೊಂಡು ನೀರು ಜಗಲಿಗೆ ಬಂತು. ಗುದ್ದಲಿ ಹಿಡಿದು ಇಳಿದವಳು ಅದರೊಳಗಿಂದ ಎಳೆದದ್ದೆಲ್ಲ ಪ್ಲಾಸ್ಟಿಕ್ಕು. ಊರಿನವರನ್ನೆಲ್ಲ ಬೈಯುತ್ತ ಎಳೆಯುತ್ತಿದ್ದಾಗ ದಾರದ ಅಂಗಡಿಯ ಹೆಸರಿದ್ದ ಚೀಲವೊಂದು ಬಂತು. ಆ ಅಂಗಡಿಗೆ ಕಾಲೊನಿಯಿಂದ ಹೋಗುತ್ತಿದ್ದವಳು ಅವಳೊಬ್ಬಳೇ. “ನಂದೂ ಇತ್ತು ತಮಾ. ಬೈಯೂದು ಅಲ್ಲಿಗೇ ನಿಂತು ಹೋಯ್ತು,” ಎಂದಿದ್ದಳು. ರವಿಕೆ ಕತ್ತರಿಸಿ ಉಳಿದ ತುಂಡು, ಅವಳದೇ ಹಳೆಯ ಸೀರೆ, ಇಷ್ಟರಿಂದ ವಾರಕ್ಕೆ ಆದಷ್ಟು ಹೊಲಿದು ಭಾನುವಾರ ತರುತ್ತಿದ್ದಳು.

ಒಳ್ಳೆಯ ಸುದ್ದಿ. ಬರೆದೆ. ಸುದ್ದಿಮನೆಯಲ್ಲಿ ನಮಗೆ ಕಲಿಸಿದ ಪಾಠವೊಂದಿದೆ: ಮುಖ್ಯವಾದದ್ದನ್ನೆಲ್ಲ ಮೊದಲ ಸಾಲಿನಲ್ಲೇ ಹೇಳಬೇಕು, ಕೊನೆಯ ಸಾಲು ಜಾಗವಿಲ್ಲದಿದ್ದರೆ ಕತ್ತರಿಸಿ ಎಸೆಯುವಂತಿರಬೇಕು. ನನ್ನ ಕೊನೆಯ ಸಾಲು ಹೀಗಿತ್ತು: ಹಳೆಯ ಬಟ್ಟೆ ಇದ್ದವರು ಇವರ ಮನೆಗೆ ತಲುಪಿಸಬಹುದು. ಅದು ಅವಳು ಹೇಳಿದ್ದಲ್ಲ, ಚೆಂದಕ್ಕೆ ನಾನು ಸೇರಿಸಿದ್ದು. ಡೆಸ್ಕಿನವರು ನೌಕಾನೆಲೆ, ಗದ್ದೆ, ಗಟಾರ ಎಲ್ಲವನ್ನೂ ಕತ್ತರಿಸಿದರು. ಆ ಸಾಲು ಉಳಿಯಿತು.

ಬಟ್ಟೆ ಬರತೊಡಗಿತು. ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ಗಂಟು. ಇಟ್ಟವರು ಯಾರೆಂದು ತಿಳಿಯದು. ಅಂಗಿಗಳು, ಪಂಚೆಗಳು, ಮಾಸದ ಸೀರೆಗಳು. ಜನ ಎಷ್ಟು ಒಳ್ಳೆಯವರು ಎಂದು ನಾನು ಅವಳಿಗೆ ಹೇಳಿದ್ದೂ ಉಂಟು. ಅವಳು ಕಿಸೆಗಳನ್ನು ಬಿಚ್ಚಿ ಹಾಕಿ ಚೀಲ ಹೊಲಿದಳು, ಸಂತೆಗೆ ತಂದಳು.

ಅಲ್ಲಿ ಅಂಕೋಲೆಯ ಕಡೆಯಿಂದ ಸೊಪ್ಪು ಮಾರಲು ಬರುವ ಹೆಂಗಸೊಬ್ಬಳು ಒಂದು ಚೀಲವನ್ನು ಎರಡು ಕೈಯಲ್ಲಿ ಅಗಲಿಸಿ ನೋಡಿದಳು. ಹಸಿರು ಚೌಕಳಿಯ ಬಟ್ಟೆ. ಅದನ್ನು ನಿಧಾನವಾಗಿ ಕೆಳಗಿಟ್ಟು, ಸೊಪ್ಪಿಗೆ ಚಿಮುಕಿಸುವ ನೀರಿನಿಂದ ಕೈ ತೊಳೆದಳು. “ಇದು ನಮ್ಮ ಮಾಸ್ತರ ಅಂಗಿ. ಹೋಗಿ ಎರಡು ತಿಂಗ್ಳಾಯ್ತು,” ಎಂದಳು. ಪಕ್ಕದವಳು ನಂಬದಿದ್ದಾಗ ಸೊಪ್ಪಿನವಳೇ ಕೇಳಿದಳು: “ಈ ಅಂಗಿ ಹಾಕ್ಕಂಡೇ ನಂಗೆ ನಾಕು ವರ್ಷ ಬೆತ್ತ ಕೊಟ್ಟಿದ್ರು. ಗುರ್ತ ಆಗೂದಿಲ್ವ?”

ನಮ್ಮ ಕಡೆ ಹನ್ನೆರಡನೆಯ ದಿನ ಕಳೆದ ಮೇಲೆ ಹೋದವರ ಬಟ್ಟೆ ಮನೆಯಲ್ಲಿ ಒಂದು ತೊಡಕು. ಉಡುವಂತಿಲ್ಲ, ಇಸ್ತ್ರಿ ಮಾಡಿಟ್ಟದ್ದನ್ನು ಸುಡಲು ಕೈ ಬಾರದು, ಕೊಟ್ಟರೆ ಇಸಿದುಕೊಳ್ಳುವವರು ಸಿಗರು. ಆ ತೊಡಕಿಗೆ ನಾನು ಪತ್ರಿಕೆಯಲ್ಲಿ ವಿಳಾಸ ಒದಗಿಸಿದ್ದೆ.

ಮುಂದಿನ ಭಾನುವಾರವೇ ನಾನು ಮೊದಲು ಹೇಳಿದ ಭಾನುವಾರ. ಮಾತು ಚೀಲಕ್ಕೆ ನಿಲ್ಲಲಿಲ್ಲ. ಸತ್ತವರ ಬಟ್ಟೆ ಬಿದ್ದಿರುವ ಮನೆಯಲ್ಲಿ, ಅದೇ ಮಶೀನಿನಲ್ಲಿ, ಮದುವೆಯ ರವಿಕೆ ಹೊಲಿಸುವುದು ಹೇಗೆ? ಮದುಮಗಳೊಬ್ಬಳ ತಾಯಿ ಬಂದು, ಇನ್ನೂ ಕತ್ತರಿ ಹಾಕದ ಬಟ್ಟೆಯನ್ನು ವಾಪಸು ಕೇಳಿ ಒಯ್ದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ನಾನು ತೋಡೂರಿಗೆ ಹೋದ ದಿನ ಮಶೀನಿನ ಮೇಲೆ ಬಟ್ಟೆ ಹೊದೆಸಿತ್ತು.

ಸತ್ತವರ ಬಟ್ಟೆ ಅಲ್ಲ ಎಂದು ನಾಳೆಯೇ ಸ್ಪಷ್ಟನೆ ಬರೆಯುತ್ತೇನೆ ಎಂದೆ. ಅವಳು ಮೂಲೆಯ ಗಂಟೊಂದನ್ನು ಬಿಚ್ಚಿ ತೋರಿಸಿದಳು.

“ಬದುಕಿದ್ದವ್ರು ಅಂಗಿ ಕೊಡೂದು ಒಂದೊಂದೇ ತಮಾ. ಕಾಲರು ಹರೀಬೇಕು, ಗುಂಡಿ ಹೋಗ್ಬೇಕು. ಇಸ್ತ್ರಿ ಮಾಡಿದ್ದು ಹನ್ನೆರಡು ಅಂಗಿ ಒಂದೇ ಸಲಕ್ಕೆ ಯಾರು ಕೊಡ್ತಾರೆ? ನಂಗೆ ಆಗ್ಲೇ ಹೊಳೀಬೇಕಿತ್ತು.”

ಹಾಗಾದರೆ ಏನು ಬರೆಯಲಿ ಎಂದು ಕೇಳಿದೆ.

“ಅಲ್ಲ ಅಂತ ಬರದ್ರೆ ಸುಳ್ಳಾಗ್ತದೆ. ಹೌದು ಅಂತ ಬರದ್ರೆ ಮಶೀನು ಪೂರಾ ನಿಲ್ತದೆ. ನೀ ಬರಿಯೂದೇ ಬೇಡ. ಬರದದ್ದು ಸಾಕು.”

ಗಂಡ ಜಗಲಿಯಿಂದಲೇ, ಎಲ್ಲ ಸುಟ್ಟುಬಿಡು ಅಂದ. ಅವಳು ಅವನ ಕಡೆ ತಿರುಗಲಿಲ್ಲ. “ಸುಡೂಕೆ ಮನಸ್ಸು ಬರ್ಲಿಲ್ಲ ಅಂತ್ಲೇ ಅವ್ರು ನನ್ನ ಜಗಲಿಗೆ ತಂದು ಇಟ್ಟದ್ದು. ನಾನು ಸುಟ್ರೆ ಹೆಂಗೆ?” ಎಂದಳು. ಅಂಗಿಗಳ ಕಾಲರುಗಳನ್ನು ಮಗುಚಿ ಒಂದೊಂದಾಗಿ ನೋಡುತ್ತ ಕುಳಿತಳು.

ದರ್ಜಿಗಳ ಲೋಕ ನನಗೆ ಗೊತ್ತಿರಲಿಲ್ಲ. ಕಾಲರಿನೊಳಗೆ ಹೊಲಿದವನ ಹೆಸರಿನ ಚೀಟಿ ಇರುತ್ತದೆ. ಚೀಟಿ ಹೋಗಿದ್ದರೂ ಗುಂಡಿಯ ಕಾಜ ನೋಡಿ ಇದು ಯಾರ ಕೈ ಎಂದು ಅವಳು ಹೇಳುತ್ತಿದ್ದಳು. ನಾವಿಬ್ಬರೂ ಅಂಗಿ ಹಿಡಿದುಕೊಂಡು ಕಾರವಾರ, ಅಂಕೋಲೆಯ ದರ್ಜಿಗಳ ಬಳಿಗೆ ಹೋದೆವು. ಅಂಕೋಲೆಯ ಒಬ್ಬ ಮುದುಕ ದರ್ಜಿ ಅಂಗಿಯನ್ನು ಮೇಜಿನ ಮೇಲೆ ಹಾಸಿ, ಟೇಪು ಹಿಡಿದು ಅಳೆದು, ಎಡ ಭುಜ ಇಳಿದಿದೆ, ಇದು ಮಾಸ್ತರದೇ ಎಂದ. ಹೀಗೆ ಒಂದೊಂದಾಗಿ ಗಂಟುಗಳಿಗೆ ಮನೆ ಸಿಕ್ಕಿತು. ಎಲ್ಲಕ್ಕೂ ಅಲ್ಲ.

ಆಮೇಲೆ ಅವಳು ಚೀಲ ಹೊಲಿದ ರೀತಿಯೇ ಬೇರೆ. ಕಿಸೆಯನ್ನು ಬಿಚ್ಚದೆ, ಕಣ್ಣಿಗೆ ಬೀಳುವಂತೆ ಹೊರಮೈಗೆ ಬರುವಂತೆ ಹೊಲಿದಳು. ಅದನ್ನು ಅದೇ ಮನೆಗೆ ಒಯ್ದು ಕೊಟ್ಟಳು. ಹೊರುವುದು ನಾನು, ಮಾತಾಡುವುದು ಅವಳು. ಒಂದು ಮನೆಯ ಯಜಮಾನ, ನಮ್ಮಲ್ಲಿ ಯಾರೂ ತೀರಿಕೊಂಡಿಲ್ಲ ಎಂದ. ಅವನ ಬೆನ್ನ ಹಿಂದೆ ಗೋಡೆಯಲ್ಲಿ ಹೊಸ ಫೋಟೊ, ಅದಕ್ಕೆ ಇನ್ನೂ ಬಾಡದ ಹಾರ. ಇನ್ನೊಂದು ಮನೆಯವರು ಬಾಗಿಲು ಹಾಕಿಕೊಂಡರು. ಮಾಸ್ತರ ಮನೆಯಲ್ಲಿ ಅವರ ಹೆಂಡತಿ ಹೊರಗೆ ಬಂದರು.

“ನಿಮ್ದೇ ಇದು ಅಮ್ಮ. ನಿಮ್ಮನೇದು ನಿಮಗೆ ಮೈಲಿಗೆ ಆಗೂದಿಲ್ಲ,” ಎಂದಳು ಶೇವಂತಕ್ಕ.

ಆಕೆ ಚೀಲವನ್ನು ತೆಗೆದುಕೊಂಡು ಕಿಸೆಯೊಳಗೆ ಕೈ ಹಾಕಿದರು. ಅಲ್ಲಿ ಏನೂ ಇರಲಿಲ್ಲ. ನಾವು ಚಹಾ ಕುಡಿದು ಮುಗಿಸುವವರೆಗೂ ಆ ಕೈ ಅಲ್ಲಿಯೇ ಇತ್ತು.

ಅವರು ಅದನ್ನು ಸಂತೆಗೆ ತಂದರು. ಸೊಪ್ಪಿನ ಹೆಂಗಸು ಚೀಲ ನೋಡಿದಳು, ಅವರ ಮುಖ ನೋಡಿದಳು, ಎರಡು ಕಟ್ಟು ಹರಿವೆ ತೆಗೆದು ತಾನೇ ಒಳಗಿಟ್ಟಳು. ಮಾಸ್ತರಿಗೆ ಹರಿವೆ ಕಂಡರೆ ಆಗುತ್ತಿರಲಿಲ್ಲ, ಈಗ ಹೊರಲಿ ಎಂದು ಆಕೆ ಅಂದರಂತೆ, ಇಬ್ಬರೂ ನಕ್ಕರಂತೆ. ಇದು ಶೇವಂತಕ್ಕ ಹೇಳಿದ್ದು, ನಾನು ಅಲ್ಲಿರಲಿಲ್ಲ. ರವಿಕೆಯ ಬಟ್ಟೆ ಮತ್ತೆ ಬರಲು ಮುಂದಿನ ಮಳೆಗಾಲವಾಯಿತು. ಆ ಮದುಮಗಳ ತಾಯಿ ಕೊನೆಗೂ ಬರಲಿಲ್ಲ. ಹೆಸರು ಹೇಳದೆ ಇಟ್ಟುಹೋದ ಗಂಟು ಮುಟ್ಟುವುದಿಲ್ಲ, ಯಾರದೆಂದು ಹೇಳಿ ಕೊಟ್ಟರೆ ಅವರ ಮನೆಗೇ ಹೊಲಿದು ಕೊಡುತ್ತೇನೆ ಎಂದು ಅವಳು ನಿಯಮ ಮಾಡಿದಳು. ಅದನ್ನು ನಾನು ಪತ್ರಿಕೆಯಲ್ಲಿ ಬರೆಯಲಿಲ್ಲ.

ಬರೆಯದಿರುವುದನ್ನು ಕಲಿತೆನೇ ಹೊರತು ಬೇರೇನನ್ನೂ ಕಲಿತಿರಲಿಲ್ಲ. ಮನೆ ಸಿಗದ ಒಂದು ಚೀಲವನ್ನು ಅವಳು ನನಗೆ ಕೊಟ್ಟಳು, ನೀಲಿ ಗೀಟಿನದು. ಊರವರ ಬಾಗಿಲಿಗೆ ಹೋಗಿ ಚೀಲ ಕೊಟ್ಟುಬಂದ ನಾನು ಅದನ್ನು ನಮ್ಮ ಹೊಸ್ತಿಲು ದಾಟಿಸಲಿಲ್ಲ. ಹಿತ್ತಲಿನ ಕಟ್ಟಿಗೆ ಕೊಟ್ಟಿಗೆಯಲ್ಲಿ ತೂಗುಹಾಕಿದೆ. ಒಣ ಗರಟೆ ಬಿಟ್ಟರೆ ಅದರೊಳಗೆ ಏನೂ ಬೀಳಲಿಲ್ಲ. ಆಯಿ ಅದನ್ನು ಕೋಲಿನಿಂದ ಆಚೆ ಸರಿಸುತ್ತಿದ್ದಳು.

ಅಪ್ಪ ಬಸ್ ಕಂಡಕ್ಟರಾಗಿದ್ದವರು. ಮನೆಯ ಯಾವ ಮದುವೆಗೂ ಅವರಿಗೆ ರಜೆ ಸಿಗುತ್ತಿರಲಿಲ್ಲ; ಊಟದ ಪಂಕ್ತಿ ಏಳುವ ಹೊತ್ತಿಗೆ ಖಾಕಿಯಲ್ಲೇ ಬಂದು ಕುಳಿತುಕೊಳ್ಳುತ್ತಿದ್ದರು. 2007ರಲ್ಲಿ ತೀರಿಕೊಂಡರು. ಹನ್ನೆರಡು ಕಳೆದ ಮೇಲೆ ಆಯಿ ಒಂದು ಖಾಕಿ ಅಂಗಿಯನ್ನು ಮಡಚಿ ನನ್ನ ಕೈಗೆ ಕೊಟ್ಟಳು. “ಹೆಸ್ರು ಹೇಳಿ ಕೊಡು. ಜಗಲಿ ಮೇಲೆ ಇಟ್ಟು ಓಡಿ ಬರಬೇಡ.” ಶೇವಂತಕ್ಕ ಶಾಯಿಯ ಕಲೆಯನ್ನು ಹಾಗೆಯೇ ಬಿಟ್ಟು ಹೊಲಿದಳು. ಚೀಲ ಅಡುಗೆಮನೆಯ ಮೊಳೆಗೆ ಬಂತು. ಎರಡು ವರ್ಷ ಆಯಿ ಅದರ ಧೂಳು ಕೊಡವಿದ್ದಾಳೆ, ಸಂತೆಗೆ ಒಯ್ದದ್ದಿಲ್ಲ.

ಮುಂದಿನ ತಿಂಗಳು ತಂಗಿಯ ಮದುವೆ. ಇವತ್ತು ಬೆಳಿಗ್ಗೆ ಆಯಿ ಮುಹೂರ್ತದ ಸೀರೆಯ ರವಿಕೆ ಬಟ್ಟೆಯನ್ನು ಅರಿಶಿನ ಮುಟ್ಟಿಸಿ ಮಡಚಿದಳು. ಮೊಳೆಯಿಂದ ಖಾಕಿ ಚೀಲ ತೆಗೆದು ಅದರೊಳಗಿಟ್ಟಳು. ಅದೇ ಚೀಲವಾ, ಎಂದು ಕೇಳಿದೆ.

“ರಜೆ ಇಲ್ಲ, ರಜೆ ಇಲ್ಲ ಅಂತಿದ್ರು,” ಎಂದಳು ಆಯಿ. “ಈಗಾದ್ರೂ ಹೋಗ್ಲಿ.”

ಹತ್ತು ಗಂಟೆಗೆ ತೋಡೂರು ತಲುಪಿದೆ. ಶೇವಂತಕ್ಕ ಚೀಲದ ಕಿಸೆ ನೋಡಿದಳು, ನನ್ನನ್ನು ನೋಡಿದಳು, ಬಟ್ಟೆ ತೆಗೆದು ಮಶೀನಿನ ಮೇಲಿಟ್ಟಳು. ಅಳತೆಗೆ ತಂದಿದ್ದ ಹಳೆಯ ರವಿಕೆಯನ್ನು ಅದರ ಮೇಲಿಟ್ಟಳು. ಖಾಲಿ ಚೀಲವನ್ನು ಮಡಚಿ ನನಗೆ ವಾಪಸು ಕೊಟ್ಟಳು. ರವಿಕೆ ಗುರುವಾರ ಸಿಗುತ್ತದೆ.