ಪೋಪರನ್ನು ಇಳಿಸಬಹುದೇ?

ಆಗ ನಾನು ಪಲ್ಲಾವರಂನಲ್ಲಿ ರೈಲ್ವೆ ಗುಮಾಸ್ತ. ವಾರವಿಡೀ ಅರೆಬರೆ ತಮಿಳು. ಕೂತು ಕನ್ನಡ ಮಾತಾಡಲು ಒಬ್ಬರೂ ಇರಲಿಲ್ಲ. ಒಂದು ಭಾನುವಾರ ಸಂಜೆ ಉಡುಪಿ ಹೋಟೆಲಿನಲ್ಲಿ ನನ್ನ ಎದುರು ಕೂತ ವಯಸ್ಸಾದ ಪಾದ್ರಿಯೊಬ್ಬರು ಮಾಣಿಗೆ, "ಸ್ವಲ್ಪ ಚಟ್ನಿ ಹಾಕಿ ಮಾರಾಯ್ರೆ" ಅಂದರು. ಮಂಗಳೂರಿನವರು. ಕಾಫಿ ಮುಗಿಸಿ ಎದ್ದುಬಿಟ್ಟಾರೆಂಬ ಹೆದರಿಕೆಯಲ್ಲಿ ಬಾಯಿಗೆ ಬಂದದ್ದು ಕೇಳಿದೆ: "ಫಾದರ್, ಪೋಪರೇ ಧರ್ಮಕ್ಕೆ ವಿರುದ್ಧವಾಗಿ ಬೋಧಿಸಿದರೆ ಅವರನ್ನು ಇಳಿಸಬಹುದೇ?"

ಅವರು ಲೋಟ ಕೆಳಗಿಟ್ಟರು. "ಪೋಪರ ವಿಚಾರಣೆ ಮಾಡುವ ಹಕ್ಕು ನಮ್ಮ ಚರ್ಚಿನ ಕಾನೂನಿನಲ್ಲಿ ಯಾರಿಗೂ ಇಲ್ಲ. ಆದರೆ ಅಂಥವರು ಆ ಕ್ಷಣವೇ ಪೋಪರಾಗಿ ಉಳಿಯುವುದಿಲ್ಲ ಅಂತ ಕೆಲವು ಪಂಡಿತರ ವಾದ."

"ಉಳಿದಿಲ್ಲ ಅಂತ ಹೇಳುವವರು ಯಾರು?"

"ಅಲ್ಲೇ ಇರುವುದು ತಕರಾರು" ಎಂದು ಇನ್ನೊಂದು ಕಾಫಿ ತರಹೇಳಿದರು.

ಮುಂದಿನ ಭಾನುವಾರ ಅವರೇ ನನಗೆ ಜಾಗ ಹಿಡಿದು ಕೂತಿದ್ದರು. "ನಿಮ್ಮ ಪ್ರಶ್ನೆಗೆ ಇನ್ನೊಂದು ಮಗ್ಗುಲಿದೆ" ಅಂದರು. ಹೀಗೆ ತಿಂಗಳುಗಟ್ಟಲೆ ವಾದಿಸಿದೆವು. ಪೋಪರು ಅಲುಗಲಿಲ್ಲ.

ಒಂದು ಭಾನುವಾರ ಅವರು ಜೇಬಿನಿಂದ ಕಾಗದ ತೆಗೆದು ತೋರಿಸಿದರು. ದೂರದ ಊರಿಗೆ ವರ್ಗ. ಬಿಷಪರ ಒಂದೇ ಸಾಲು. ಅದಕ್ಕೆ ಮಾತ್ರ ಯಾವ ಪಂಡಿತರ ತಕರಾರೂ ಇರಲಿಲ್ಲ.