ಧೈರ್ಯ ಹೇಳುವ ದೊಡ್ಡಕ್ಕ

ನಮ್ಮ ಆಸ್ಪತ್ರೆಯ ಲಸಿಕೆ ಕೋಣೆಯ ನರ್ಸನ್ನು ಎಲ್ಲರೂ ಕರೆಯುವುದು ದೊಡ್ಡಕ್ಕ ಎಂದೇ. ಸೂಜಿ ಚುಚ್ಚಿದ್ದು ಮಗುವಿಗೆ ಗೊತ್ತಾಗುವಷ್ಟರಲ್ಲಿ ಹತ್ತಿ ಒತ್ತಿ ಮುಗಿಸಿರುತ್ತಾರೆ; ತಕ್ಕಡಿಗೆ ಹಾಕುವ ಮೊದಲೇ ಕೈಯಲ್ಲೆತ್ತಿ ತೂಕ ಹೇಳುತ್ತಾರೆ, ತಪ್ಪಿದರೆ ತಕ್ಕಡಿಯನ್ನೇ ಬೈಯುತ್ತಾರೆ. ಮಗು ಇನ್ನೂ ಮಾತಾಡುತ್ತಿಲ್ಲ ಎಂದು ಅಳುಕುತ್ತಾ ಬಂದ ತಾಯಂದಿರಿಗೆಲ್ಲ ಅವರದು ಒಂದೇ ಉತ್ತರ: "ಆಡುತ್ತೆ ಬಿಡಮ್ಮ. ಆಮೇಲೆ ಬಾಯಿ ಮುಚ್ಚಿಸೋಕೆ ಮದ್ದು ಕೇಳ್ಕೊಂಡು ಬರ್ತೀಯ." ಮೂರು ವರ್ಷದ ಹಿಂದೆ, ಹೆಸರು ಹಿಡಿದು ಕರೆದರೂ ಓಗೊಡದೆ, ಬಾಟಲಿ ಮುಚ್ಚಳವನ್ನೇ ತಿರುಗಿಸುತ್ತಾ ಕೂತಿದ್ದ ಎರಡು ವರ್ಷದ ಹುಡುಗಿಯ ತಾಯಿಗೂ ಹಾಗೇ ಹೇಳಿ ನಗಿಸಿ ಕಳಿಸಿದ್ದರು. ಈ ವರ್ಷ ನಮಗೆಲ್ಲ ಆಟಿಸಂ ಬಗ್ಗೆ ಮೂರು ದಿನ ತರಬೇತಿ ಕೊಟ್ಟರು. ಬೇಗ ಗುರುತಿಸಬೇಕಾದ ಲಕ್ಷಣಗಳನ್ನು ಡಾಕ್ಟರು ಒಂದೊಂದಾಗಿ ಹೇಳುತ್ತಿದ್ದಾಗ ದೊಡ್ಡಕ್ಕ ಬರೆಯುವುದನ್ನೇ ನಿಲ್ಲಿಸಿಬಿಟ್ಟರು. ಸಂಜೆ ನನ್ನನ್ನೂ ಕರೆದುಕೊಂಡು ಆ ಬಾಟಲಿ ಮುಚ್ಚಳದ ಹುಡುಗಿಯ ಮನೆಗೆ ಹೋದರು. ಹುಡುಗಿಗೆ ಈಗ ಐದು ತುಂಬಿದೆ, ಮಾತು ಬಂದಿಲ್ಲ. "ನನಗೆ ಗೊತ್ತಿರಲಿಲ್ಲ ಕಣಮ್ಮ. ಅವತ್ತೇ ಡಾಕ್ಟರಿಗೆ ತೋರಿಸು ಅನ್ನಬೇಕಿತ್ತು," ಎಂದರು ದೊಡ್ಡಕ್ಕ. ತಾಯಿ ಸಿಟ್ಟಾಗಲಿಲ್ಲ. "ನಮ್ಮತ್ತೆ ಅಂದಿದ್ರು ಅಕ್ಕ, ತೋರಿಸು ತೋರಿಸು ಅಂತ. ನಿಮಗಿಂತ ದೊಡ್ಡಕ್ಕಂಗೆ ಗೊತ್ತು ಅಂತ ನಾನೇ ಅವರ ಬಾಯಿ ಮುಚ್ಚಿಸಿದೆ," ಎಂದಳು.